ಅಕ್ಕನ ನಗುವಿಗೊಂದು ಕ್ಯಾಮೆರಾ

ಇಸ್ತ್ರಿ ಅತ್ತೆಯ ಬೆರಳನ್ನು ಫೋನುಗಳು ಗುರುತಿಸುತ್ತಿರಲಿಲ್ಲ. ಒತ್ತಿದರೂ ಅಷ್ಟೇ, ಉಜ್ಜಿದರೂ ಅಷ್ಟೇ, ಬಾಗಿಲು ಬಡಿಯುವ ಹಾಗೆ ಗಾಜಿನ ಮೇಲೆ ಟಕಟಕ ತಟ್ಟಿದರೂ ಅಷ್ಟೇ. ಒಳಗಿದ್ದೂ ಇಲ್ಲದವನಂತೆ ಉಸಿರು ಬಿಗಿಹಿಡಿದು ಕೂತ ಬಾಡಿಗೆದಾರನ ಹಾಗೆ ಫೋನು ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. ಅದರದೇನೂ ತಪ್ಪಿಲ್ಲ. ಹುಡುಗಿಯಾಗಿದ್ದಾಗ ಲಾಂಡ್ರಿಯ ಹಿಂದಿನ ಕೋಣೆಗೆ ಕಾಲಿಟ್ಟವಳು ಇವತ್ತಿಗೂ ಅಲ್ಲೇ ನಿಂತಿದ್ದಾಳೆ. ಬಿಸಿ ಕಾಲರಿನ ಮೂಲೆ ಎಳೆದು, ತೋಳಿನ ಗೆರೆ ತಿದ್ದಿ, ಆವಿಯಲ್ಲಿ ಬೆಂದು ಬೆಂದು ಅವಳ ಬೆರಳ ತುದಿಗಳು ಬಿಸಿಲಲ್ಲಿ ಮರೆತುಹೋದ ನಿಂಬೆ ಸಿಪ್ಪೆಯ ಹಾಗಾಗಿದ್ದವು. ಕುದಿಯುವ ಚಹಾದ ಲೋಟವನ್ನು ಬರಿಗೈಯಲ್ಲಿ ಎತ್ತಬಲ್ಲ ಬೆರಳುಗಳು. ಫೋನಿಗೆ ಮಾತ್ರ ಅವು ಬೆರಳೇ ಅಲ್ಲ.

ಅತ್ತೆ ಅಂತ ಕರೆಯುವ ಹಕ್ಕು ನಿಜಕ್ಕೂ ಇದ್ದದ್ದು ಅವಳ ಒಬ್ಬನೇ ಅಳಿಯನಿಗೆ. ಆದರೆ ಅವನು ಬೀದಿಯಲ್ಲಿ ಅಷ್ಟು ಜೋರಾಗಿ ಕೂಗಿ ಕೂಗಿ, ಹಾಲಿನವನಿಂದ ಹಿಡಿದು ಲಾಂಡ್ರಿಯ ಯಜಮಾನಿಯವರೆಗೆ ಎಲ್ಲರಿಗೂ ಅವಳು ಇಸ್ತ್ರಿ ಅತ್ತೆಯೇ ಆಗಿಬಿಟ್ಟಿದ್ದಳು.

ಅವಳಿಗೊಂದು ಅಭ್ಯಾಸವಿತ್ತು. ಕೆಂಡದ ಇಸ್ತ್ರಿಪೆಟ್ಟಿಗೆಯ ಕಾಲದಲ್ಲಿ ಕಲಿತದ್ದು. ತೋರುಬೆರಳನ್ನು ನಾಲಿಗೆಗೆ ತಾಗಿಸಿ, ಪೆಟ್ಟಿಗೆಯ ತಳಕ್ಕೆ ಚಕ್ಕನೆ ಮುಟ್ಟಿಸುವುದು. ಚುಂಯ್ ಅಂದರೆ ಕಾದಿದೆ, ಸುಮ್ಮನಿದ್ದರೆ ಇನ್ನೂ ಕಾಯಬೇಕು. ಈಗಿನ ವಿದ್ಯುತ್ ಪೆಟ್ಟಿಗೆಗಳಲ್ಲಿ ಕಾದರೆ ದೀಪ ಆರುತ್ತದೆ, ನೆಕ್ಕಿ ನೋಡುವ ಕೆಲಸವಿಲ್ಲ. ಆದರೆ ಬೆರಳಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಯಾವುದನ್ನಾದರೂ ಒತ್ತಬೇಕು ಎಂದರೆ ಸಾಕು, ಅದು ತಾನಾಗಿ ನಾಲಿಗೆಗೆ ಹೋಗಿ ಬರುತ್ತಿತ್ತು. ಲಿಫ್ಟಿನ ಗುಂಡಿ, ಕರೆಗಂಟೆ, ಟಾರ್ಚು, ಏನೇ ಇರಲಿ. ಒಮ್ಮೆ ಜ್ವರ ಬಂದ ಮಗಳ ಹಣೆಯನ್ನೂ ಹಾಗೇ ಮುಟ್ಟಿ ನೋಡಿ, "ಚುಂಯ್ ಅನ್ನಲಿಲ್ಲ, ನಾಳೆ ಸ್ಕೂಲಿಗೆ ಹೋಗ್ಬಹುದು" ಅಂದಿದ್ದಳು.

ಒಣ ಬೆರಳಿಗೆ ಸುಮ್ಮನಿರುವ ಫೋನು ಒದ್ದೆ ಬೆರಳಿಗೆ ಹುಚ್ಚೆದ್ದು ಕುಣಿಯುತ್ತದೆ ಎಂಬುದು ಗೊತ್ತಾದದ್ದು ಅಳಿಯನ ಹೊಸ ಫೋನಿನಲ್ಲಿ. ಊಟದ ಮೇಜಿನ ಸುತ್ತ ಎಲ್ಲರೂ ಸೇರಿದ್ದಾಗ "ಒಂದು ಫೋಟೋ ನಾನೂ ತೆಗೀತೀನಿ" ಅಂತ ಇಸಿದುಕೊಂಡವಳು, ಅಭ್ಯಾಸಬಲದಿಂದ ನೆಕ್ಕಿ ಮುಟ್ಟಿದ್ದೇ ಮುಟ್ಟಿದ್ದು. ಟಾರ್ಚು ಹತ್ತಿಕೊಂಡಿತು, ಗೋಡೆಯ ಫೋಟೋ ಬಂತು, ಯಾವುದೋ ಹಾಡು ಶುರುವಾಗಿ ಅರ್ಧಕ್ಕೆ ನಿಂತಿತು, ಕೊನೆಗೆ ಅಳಿಯನ ಮ್ಯಾನೇಜರಿಗೆ ಫೋನು ಹೋಯಿತು. ಅಳಿಯ ಆ ಹೊತ್ತಿಗೆ ಸರಿಯಾಗಿ ಅದೇ ಮ್ಯಾನೇಜರು ನಡೆಯುವ ಶೈಲಿಯನ್ನು ಹೆಂಡತಿಗೆ ನಟಿಸಿ ತೋರಿಸುತ್ತಿದ್ದ, ಮಾತಿನ ಸಮೇತ.

ಅಲ್ಲಿಂದ ಮುಂದೆ ಮನೆಯಲ್ಲಿ ಅತ್ತೆಯ ಕೈಗೆ ಫೋನು ಕೊಡುವುದು ನಿಂತಿತು.

ನಿಂತರೆ ನಿಂತಿತು, ಅವಳೇನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಲೆ ಕೆಡಿಸಿದ್ದು ಅಕ್ಕನ ಹಲ್ಲು.

ಅಕ್ಕ ಅಂದರೆ ಅವಳ ಸ್ವಂತ ಅಕ್ಕ, ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ಮೊನ್ನೆಯಷ್ಟೇ ನಿವೃತ್ತಳಾದವಳು. ಅವಳು ಮೆಟ್ಟಿಲಲ್ಲಿ ಕೆಮ್ಮಿದರೆ ಮೂರು ಮಹಡಿಯ ದೀಪಗಳು ಆರುತ್ತಿದ್ದವಂತೆ. ಅಕ್ಕನ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೊಂದು ಸೊಟ್ಟ. ಅರ್ಧ ತೆರೆದಿಟ್ಟ ಬಾಗಿಲಿನ ಹಾಗೆ ವಾರೆಯಾಗಿ ನಿಂತಿದೆ. ಅದಕ್ಕೇ ಅಕ್ಕ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಫೋಟೋ ಎಂದರಂತೂ ಮುಗಿಯಿತು, ತುಟಿಗಳಿಗೆ ಬೀಗ ಬೀಳುತ್ತದೆ, ಕುತ್ತಿಗೆ ನೆಟ್ಟಗಾಗುತ್ತದೆ, ಕಣ್ಣು ಯಾರನ್ನೋ ಹಾಸ್ಟೆಲಿನಿಂದ ಹೊರಹಾಕುವಂತೆ ನೋಡುತ್ತದೆ. ಮನೆಯಲ್ಲಿರುವ ಅಷ್ಟೂ ಫೋಟೋಗಳಲ್ಲಿ ಅಕ್ಕ ಗುರುತಿನ ಚೀಟಿಗೆ ನಿಂತವಳೇ.

ಆದರೆ ಇಸ್ತ್ರಿ ಅತ್ತೆಗೆ ಗೊತ್ತಿದ್ದ ಅಕ್ಕ ಬೇರೆ. ಅಡುಗೆಮನೆಯಲ್ಲಿ ಇಬ್ಬರೇ ಇರುವಾಗ, ಹಾಳು ಹರಟೆಗೆ ಕಾವೇರಿದಾಗ, ಆ ಕೈ ದಾರಿಯಲ್ಲೇ ಮರೆತುಹೋಗಿ ನಗು ಪೂರ್ತಿ ಹೊರಬೀಳುತ್ತಿತ್ತು. ಮೊದಲು ಆ ವಾರೆ ಹಲ್ಲು ಇಣುಕುವುದು, ಆಮೇಲೆ ಉಳಿದವು ತಳ್ಳಾಡಿಕೊಂಡು ಬರುವುದು, ಕೊನೆಗೆ ಕಣ್ಣೀರು. ಲೋಕದಲ್ಲಿ ಅದನ್ನು ಕಂಡವರು ಅವಳೊಬ್ಬಳೇ ಇರಬೇಕು. ಈಗ ಆ ಹಲ್ಲು ಅಲ್ಲಾಡತೊಡಗಿತ್ತು. ಹಲ್ಲಿನ ಡಾಕ್ಟರು ಅದನ್ನು ಕಿತ್ತು, ಅಕ್ಕಪಕ್ಕದವನ್ನೂ ಸರಿಮಾಡಿ, ಹೊಸ ಸಾಲು ಕೂರಿಸುವುದೆಂದು ನಿಶ್ಚಯವಾಗಿತ್ತು. ಅಕ್ಕ ಕುಣಿದಾಡುವುದೊಂದು ಬಾಕಿ. "ಇನ್ನು ಮೇಲೆ ನಾನೂ ಸಿನಿಮಾದವರ ಹಾಗೆ ನಗ್ತೀನಿ ಕಣೇ!"

"ನಗು ನಗು," ಅಂದಿದ್ದಳು ತಂಗಿ. ಅಂದವಳಿಗೆ ಒಳಗೊಳಗೇ ಏನೋ ಕಳಚಿದಂತಾಗಿತ್ತು. ಒಂದು ಇಡೀ ನಗು ಹೊರಟುಹೋಗುತ್ತಿದೆ, ಅದರದೊಂದು ಫೋಟೋ ಕೂಡ ಇಲ್ಲ.

ನಿವೃತ್ತಿಯ ಲೆಕ್ಕದಲ್ಲಿ ಅಕ್ಕತಂಗಿಯರು ಸಮುದ್ರ ನೋಡಲು ಹೊರಡುವವರಿದ್ದರು. ಗಂಡಸರೂ ಬೇಡ, ಮಕ್ಕಳೂ ಬೇಡ, ಇಬ್ಬರೇ. ಬಂದ ಮೇಲೆ ಹಲ್ಲಿನ ಡಾಕ್ಟರು. ಮೂರನೆಯವರು ಇದ್ದರೆ ಅಕ್ಕ ಹಾಗೆ ನಗುವುದಿಲ್ಲ, ಆದ್ದರಿಂದ ಫೋಟೋ ತೆಗೆಯಬೇಕಾದವಳು ತಾನೇ. ಫೋನು ತನ್ನ ಮಾತು ಕೇಳುವುದಿಲ್ಲ, ಆದ್ದರಿಂದ ಬೇಕಾದದ್ದು ಕ್ಯಾಮೆರಾ. ಇಸ್ತ್ರಿ ಮೇಜಿನ ಮುಂದೆ ಒಂದು ಅಂಗಿಯ ಎರಡು ತೋಳು ಮುಗಿಸುವಷ್ಟರಲ್ಲಿ ಅವಳು ಈ ತೀರ್ಮಾನಕ್ಕೆ ಬಂದಿದ್ದಳು. ಮೂರನೇ ತೋಳಿದ್ದಿದ್ದರೆ ಅದನ್ನು ಕೊಳ್ಳಲು ಅಳಿಯನನ್ನು ಜೊತೆಗೆ ಕರೆದೊಯ್ಯುವುದು ಬೇಡ ಎಂಬ ತೀರ್ಮಾನಕ್ಕೂ ಬರುತ್ತಿದ್ದಳೋ ಏನೋ.

ಅಳಿಯ ಟೈರ್ ಅಂಗಡಿಯಲ್ಲಿ ಕೆಲಸ ಮಾಡುವವನು. ಯಾವುದನ್ನು ಕೊಳ್ಳುವ ಮುಂಚೆಯೂ ಅದರ ಬಗ್ಗೆ ಜಗತ್ತು ಬರೆದದ್ದನ್ನೆಲ್ಲ ಓದುವವನು. ಒಂದು ಚಮಚ ಕೊಳ್ಳಬೇಕಾದರೂ ಹತ್ತು ಜನರ ಅಭಿಪ್ರಾಯ ಕೇಳುತ್ತಿದ್ದ. ಕ್ಯಾಮೆರಾ ಎಂದ ಕೂಡಲೇ ಅವನ ಕಣ್ಣುಗಳು ಬಲ್ಬಿನ ಹಾಗೆ ಹೊಳೆದವು.

"ಅತ್ತೆ, ನೀವು ಸುಮ್ನಿರಿ. ಎಲ್ಲ ನಾನು ನೋಡ್ಕೋತೀನಿ."

"ನೀವು ನೋಡ್ಕೋತೀರಿ ಅಂತಾನೇ ಭಯ ಅಳಿಯಂದ್ರೇ."

ಕ್ಯಾಮೆರಾ ಅಂಗಡಿ ಚಪ್ಪಲಿ ರಿಪೇರಿಯವನಿಗೂ ಬೀಗದ ಕೈ ಮಾಡುವವನಿಗೂ ನಡುವೆ ಒತ್ತರಿಸಿಕೊಂಡು ಕೂತಿತ್ತು. ಅಂಗಡಿಯವನದು ಮಧ್ಯಾಹ್ನ ಶಟರ್ ಎಳೆದಂಥ ಮುಖ. ಗಾಜಿನ ಕಪಾಟಿನ ಹಿಂದಿನಿಂದ ಅವನು ನಗುವಿಲ್ಲದೆ ಕೇಳಿದ:

"ಯಾವುದಕ್ಕೆ ಬೇಕು?"

"ಪ್ರವಾಸಕ್ಕೆ. ಮನೆಯವರ ಫೋಟೋಕ್ಕೆ," ಅಂದ ಅಳಿಯ. "ಸೆನ್ಸರ್ ದೊಡ್ಡದಿರಲಿ. ಜೂಮ್ ಚೆನ್ನಾಗಿರಬೇಕು. ಕತ್ತಲಲ್ಲೂ..."

"ಗುಂಡಿ ಇರಬೇಕು," ಅಂದಳು ಅತ್ತೆ.

"ಗುಂಡಿ ಎಲ್ಲದಕ್ಕೂ ಇರುತ್ತೆ ಮೇಡಂ."

"ಎಲ್ಲಿ ಇರುತ್ತೆ? ನಿಮ್ಮ ಫೋನಿಗೆ ಇದ್ಯಾ ತೋರಿಸಿ."

ಅಂಗಡಿಯವನು ಫೋನನ್ನು ಜೇಬಿಗೆ ಸೇರಿಸಿ, ದೊಡ್ಡದೊಂದು ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟ. ಅದರ ಮೂತಿಯೇ ಮೊಳದುದ್ದ. ಅಳಿಯ ಮಗು ಎತ್ತಿಕೊಳ್ಳುವ ಹಾಗೆ ಎರಡೂ ಕೈ ಚಾಚಿದ. ಅತ್ತೆ ಅದನ್ನು ಎತ್ತಿ, ತೂಗಿ, ವಾಪಸ್ ಇಟ್ಟಳು.

"ನಮ್ಮ ಹಳೇ ಕೆಂಡದ ಪೆಟ್ಟಿಗೆ ಇಷ್ಟೇ ಭಾರ ಇತ್ತು. ಇದನ್ನ ಕಂಡರೆ ನಮ್ಮಕ್ಕ ಅಟೆನ್ಷನ್‌ನಲ್ಲಿ ನಿಂತು ಸೆಲ್ಯೂಟ್ ಹೊಡೀತಾಳೆ."

"ಅತ್ತೆ, ಇದರಲ್ಲಿ ಚಂದ್ರನ ಮೇಲಿನ ಗುಂಡಿ ಕಾಣುತ್ತೆ."

"ನನಗೆ ಇದರ ಮೇಲಿನ ಗುಂಡಿ ಕಂಡರೆ ಸಾಕು. ಇಷ್ಟೊಂದಿದಾವಲ್ರೀ, ಹಾರ್ಮೋನಿಯಂ ಏನು ಇದು?"

ಎರಡನೆಯದು ತೆಳ್ಳಗೆ ಬೆಳ್ಳಗೆ ಚೆನ್ನಾಗಿತ್ತು, ಆದರೆ ಹಿಂದಿನ ಗಾಜನ್ನೇ ಮುಟ್ಟಬೇಕಿತ್ತು. ಅದು ಅವಳನ್ನು ಗುರುತಿಸಲಿಲ್ಲ. ಮೂರನೆಯದು ಎಲ್ಲಕ್ಕಿಂತ ಅಗ್ಗ, ಸೋಪಿನ ಡಬ್ಬಿಯಷ್ಟು ಹಗುರ, ನೆತ್ತಿಯ ಮೇಲೆ ಒಂದೇ ದಪ್ಪ ಗುಂಡಿ. ಅತ್ತೆಯ ಮನಸ್ಸು ಅದರ ಮೇಲೇ ಬಿತ್ತು.

"ಪರೀಕ್ಷೆ ಮಾಡ್ಬೇಕು," ಅಂದಳು. "ನೀವು ಸ್ವಲ್ಪ ನಗಿ."

"ನಾನಾ?"

"ನಗು ಹಿಡಿಯೋ ಕ್ಯಾಮೆರಾ ಬೇಕು ನನಗೆ. ಗುಡ್ಡ, ಮರ ಎಲ್ಲ ಓಡಿಹೋಗಲ್ಲ, ಯಾವ ಕ್ಯಾಮೆರಾಕ್ಕೂ ಸಿಗ್ತವೆ."

ಅಂಗಡಿಯವನು ತುಟಿ ಎಳೆದ. ಹಲ್ಲುನೋವು ಬಂದವನ ಹಾಗೆ ಕಂಡ. ಅತ್ತೆ ಕ್ಯಾಮೆರಾ ಹಿಡಿದುಕೊಂಡೇ ಮೇಜಿನ ಪಕ್ಕ ಬಗ್ಗಿ ಅವನ ಬೆನ್ನನ್ನೊಮ್ಮೆ ನೋಡಿ ಬಂದಳು.

"ಈ ಅಂಗಿ ನೀವೇ ಇಸ್ತ್ರಿ ಮಾಡ್ಕೊಂಡಿರೋದು ಅಲ್ವಾ?"

"ಹೌದು. ಯಾಕೆ?"

"ಎದೆ ಕಡೆ ಮದುವೆಗೆ ಹೊರಟಿದೆ, ಬೆನ್ನು ಇನ್ನೂ ಬಕೆಟ್ಟಿನಲ್ಲೇ ಇದೆ."

ಅಂಗಡಿಯವನು ಕತ್ತು ತಿರುಗಿಸಿ ತನ್ನ ಬೆನ್ನನ್ನು ನೋಡಿಕೊಳ್ಳಲು ಹೋದ. ಆಮೇಲೆ ಮುಖದ ಶಟರ್ ಮೇಲಕ್ಕೆ ಹೋಯಿತು. "ಗಿರಾಕಿಗಳು ನೋಡೋದು ಎದೆ ಕಡೆ ಮಾತ್ರ ತಾನೇ ಮೇಡಂ!" ಅಂತ ಹೊಟ್ಟೆ ಕುಲುಕಿಸಿಕೊಂಡು ನಕ್ಕ. ಅತ್ತೆ ಒತ್ತಿದಳು. ಕ್ಯಾಮೆರಾ ಒಂದು ಕ್ಷಣ ಯೋಚಿಸಿತು. ಇನ್ನೊಂದು ಕ್ಷಣ ಯೋಚಿಸಿತು. ಆಮೇಲೆ ಟಿಕ್ ಎಂದಿತು. ಮೂವರೂ ಹಿಂದಿನ ಗಾಜಿನ ಮೇಲೆ ಬಗ್ಗಿದರು. ಅಲ್ಲಿದ್ದದ್ದು ನಕ್ಕು ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿರುವ ಮನುಷ್ಯ.

"ಜನ ಎಲ್ಲ ನಡ್ಕೊಂಡು ಮನೆ ಸೇರಿದ ಮೇಲೆ ಬರೋ ಬಸ್ಸು ಇದು," ಅಂದಳು ಅತ್ತೆ, ಬೇಸರದಿಂದ.

ಅಂಗಡಿಯವನಿಗೆ ಈಗ ಹುರುಪು ಬಂದಿತ್ತು. ಬೆನ್ನು ಕಾಣದ ಹಾಗೆ ಜಾಗ್ರತೆಯಾಗಿ ಹಿಂದಕ್ಕೆ ಸರಿದು, ಕೆಳಗಿನ ಅರೆಯಿಂದ ಚಿಕ್ಕ ಕಪ್ಪು ಕ್ಯಾಮೆರಾ ಒಂದನ್ನು ತೆಗೆದ. ಪ್ರದರ್ಶನಕ್ಕೆ ಇಟ್ಟದ್ದು, ಒಂದು ಮೂಲೆ ಗೀಚಿಹೋಗಿತ್ತು, ಅದಕ್ಕೇ ಬೆಲೆ ಇಳಿಸಿದ್ದ. "ಇದರ ಗುಂಡಿಗೆ ಎರಡು ಮೆಟ್ಟಿಲು ಮೇಡಂ. ಅರ್ಧ ಒತ್ತಿ ಹಿಡ್ಕೊಳ್ಳಿ, ಹಸಿರು ದೀಪ ಬರುತ್ತೆ. ಅಂದರೆ ಯೋಚನೆ ಎಲ್ಲ ಮುಗಿಸಿ ರೆಡಿಯಾಗಿ ನಿಂತಿದೆ ಅಂತ. ನಗು ಬಂತಾ, ಉಳಿದರ್ಧ ಒತ್ತಿ. ಆ ಕ್ಷಣಕ್ಕೇ ತೆಗೆಯುತ್ತೆ." ಅವನು ಅಳಿಯನತ್ತ ತಿರುಗಿಸಿ ಮಾಡಿ ತೋರಿಸಿದ. ಚಂದ್ರನ ಕ್ಯಾಮೆರಾವನ್ನು ಕದ್ದು ಸವರುತ್ತಿದ್ದ ಅಳಿಯ, ಕದಲದೆ ಕನಸಿನ ಸಮೇತ ಅದರೊಳಗೆ ಸಿಕ್ಕಿಬಿದ್ದಿದ್ದ.

ಅತ್ತೆ ಕ್ಯಾಮೆರಾ ತೆಗೆದುಕೊಂಡಳು. ಅವಳ ಬೆರಳು ನಾಲಿಗೆಗೆ ಹೋಗಿ ಕ್ಯಾಮೆರಾದ ಮೂತಿಯತ್ತ ಹೊರಟಿತು.

"ಅಯ್ಯಯ್ಯೋ, ನೆಕ್ಕಿದ ಕೈ ಲೆನ್ಸಿಗೆ ತಾಗಿಸ್ಬೇಡಿ ಮೇಡಂ! ಕಲೆ ಕೂತುಬಿಡುತ್ತೆ!"

"ಆಯ್ತಪ್ಪ ಆಯ್ತು," ಅಂತ ಅತ್ತೆ ಬೆರಳನ್ನು ತೊಟ್ಟಿದ್ದ ಕೋಟಿಗೆ ಒರೆಸಿ ಗುಂಡಿ ಒತ್ತಿದಳು. ಅರ್ಧ ಬರಲಿಲ್ಲ, ಒಂದೇ ಏಟಿಗೆ ಪೂರ್ತಿ ಇಳಿಯಿತು, ಕ್ಯಾಮೆರಾವೇ ಬಗ್ಗಿ ನಮಸ್ಕಾರ ಮಾಡಿತು. ಅಂಗಡಿಯವನಿಗೆ ಮೂರು ಮೂಗು ಬಂದಿದ್ದವು. ಮತ್ತೊಮ್ಮೆ ಒತ್ತಿದಳು. ಈ ಸಲ ಮೂಗೇ ಇಲ್ಲ.

"ನಿಮ್ಮ ಬೆರಳಿಗೆ ಅರ್ಧ ಅನ್ನೋದೇ ಗೊತ್ತಿಲ್ಲ ಮೇಡಂ," ಅಂದ ಅವನು, ಸ್ವಲ್ಪ ಗೌರವದಿಂದಲೇ.

"ಅದು ಬೆರಳಿನ ತಪ್ಪು, ಕ್ಯಾಮೆರಾದ್ದಲ್ಲ. ಇದನ್ನೇ ಕೊಡಿ. ಕಲೀತೀನಿ."

ಅವನು ಚಾರ್ಜ್ ಮಾಡುವುದು, ಫೋಟೋಗಳನ್ನು ಹಿಂದೆ ಮುಂದೆ ಸರಿಸಿ ನೋಡುವುದು ಎಲ್ಲ ಹೇಳಿಕೊಟ್ಟು, "ಬೇಡದ್ದನ್ನ ಅಳಿಸೋದು ಹೇಗೆ ಅಂದ್ರೆ..." ಎಂದು ಶುರುಮಾಡಿದ. ಅತ್ತೆ ಕೈ ಅಡ್ಡ ಹಿಡಿದಳು. "ಅದೊಂದು ಕಲಿಸ್ಬೇಡಿ. ನಮ್ಮ ಮನೇಲಿ ಸಂಕೋಚದವರು ಒಬ್ಬರಿದ್ದಾರೆ."

ಮುಂದಿನ ವಾರವೆಲ್ಲ ಊರಿಗೆ ಊರೇ ಅಲ್ಲಾಡಿತು. ಅತ್ತೆಯ ಕ್ಯಾಮೆರಾದಲ್ಲಿ, ಅಷ್ಟೇ. ಲಾಂಡ್ರಿಯ ಯಜಮಾನಿ ಭೂಕಂಪದಲ್ಲಿ ನಿಂತು ಚೀಟಿ ಹರಿಯುತ್ತಿದ್ದಳು. ಹ್ಯಾಂಗರಿನ ಅಂಗಿಗಳು ದೆವ್ವಗಳ ಮೆರವಣಿಗೆ ಹೊರಟಿದ್ದವು. ಮಗಳು ಒಂದೇ ಫೋಟೋದಲ್ಲಿ ಒಳಗೂ ಹೊರಗೂ ಹೋಗುತ್ತಿದ್ದಳು. ಹಸಿರು ದೀಪ ಎಂಬುದೊಂದು ಇದೆಯೋ ಇಲ್ಲವೋ ಎಂದೇ ಅತ್ತೆಗೆ ಅನುಮಾನ ಬಂತು. ಬೆರಳು ಗುಂಡಿಯ ಮೇಲೆ ಬಿದ್ದದ್ದೇ ತಡ, ಇಡೀ ಭುಜ ಅದರ ಹಿಂದೆ ಬರುತ್ತಿತ್ತು. ಆ ಭುಜಕ್ಕೆ ಅಷ್ಟು ವರ್ಷ ಕಲಿಸಿದ್ದೇ ಅದನ್ನು.

ಹೊರಡುವ ದಿನ ಹತ್ತಿರವಾಗುತ್ತಿದ್ದ ಹಾಗೆ ಅವಳ ಮುಖ ಬಾಡಿತು. ಸಂಜೆ ಎಲ್ಲರೂ ಸೋಫಾದ ಮೇಲೆ ಸೇರಿ ಅವಳ ಫೋಟೋಗಳನ್ನು ನೋಡಿ ಬಿದ್ದು ಬಿದ್ದು ನಗುವುದು ಒಂದು ಮನರಂಜನೆಯೇ ಆಗಿತ್ತು. ಆ ಸಂಜೆ ಅಳಿಯ ಕಣ್ಣೊರೆಸಿಕೊಂಡು ಹೇಳಿದ:

"ಅತ್ತೆ, ನೀವು ಫೋಟೋ ತೆಗೀತಾ ಇಲ್ಲ. ನಮ್ಮನ್ನೆಲ್ಲ ಇಸ್ತ್ರಿ ಮಾಡ್ತಾ ಇದ್ದೀರಿ. ಅದೂ ಜೀನ್ಸ್ ಪ್ಯಾಂಟು ಇಸ್ತ್ರಿ!"

ಅತ್ತೆಯೂ ನಕ್ಕಳು. ಆದರೆ ಮಾತು ಎಲ್ಲೋ ಒಂದು ಮಡಿಕೆಯಲ್ಲಿ ಸಿಕ್ಕಿಕೊಂಡು ಉಳಿಯಿತು.

ಮರುದಿನ ಲಾಂಡ್ರಿಗೆ ಒಂದು ರೇಷ್ಮೆ ಶಾಲು ಬಂತು. ಯಾರೋ ಹಾಡುಗಾರ್ತಿಯದು, ಹಳೆಯದು, ತುದಿಯಲ್ಲಿ ಕೂದಲೆಳೆಯಂಥ ಕುಚ್ಚು. ರೇಷ್ಮೆ ಬಂದರೆ ಯಜಮಾನಿ ಬೇರೆ ಯಾರ ಮೇಜಿಗೂ ಹಾಕುತ್ತಿರಲಿಲ್ಲ. ಅತ್ತೆ ಪೆಟ್ಟಿಗೆಯ ಕಾವು ಇಳಿಸಿ, ಮೇಲೊಂದು ತೆಳು ಬಟ್ಟೆ ಹಾಸಿ, ಉಸಿರು ಹಿಡಿದಳು. ರೇಷ್ಮೆಯನ್ನು ಯಾರೂ ಒತ್ತುವುದಿಲ್ಲ. ಪೆಟ್ಟಿಗೆಯ ಭಾರವನ್ನು ಮಣಿಕಟ್ಟಿನಲ್ಲೇ ತಡೆದು, ಬಟ್ಟೆಗೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಲ್ಲಿಸಿ, ಅದು ಒಪ್ಪಿದ ಮೇಲೆ ತಾನಾಗಿ ಇಳಿಯಲು ಬಿಡಬೇಕು. ಭುಜಕ್ಕೆ ಅಲ್ಲಿ ಕೆಲಸವೇ ಇಲ್ಲ. ಅದು ಮೂಲೆಯಲ್ಲಿ ಕೂತು ಚಹಾ ಕುಡಿಯಬಹುದು.

ಶಾಲಿನ ನಡುವೆ ಅತ್ತೆಯ ಕೈ ನಿಂತಿತು.

ಪೆಟ್ಟಿಗೆಯನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟಳು. ಏಪ್ರನ್ನಿನ ಜೇಬಿನಿಂದ ಕ್ಯಾಮೆರಾ ತೆಗೆದು ಶಾಲಿನತ್ತ ಹಿಡಿದಳು. ಬೆರಳನ್ನು ಗುಂಡಿಯ ಮೇಲೆ ಇಟ್ಟಳು, ಒತ್ತಲಿಲ್ಲ, ಸುಮ್ಮನೆ ಇಟ್ಟಳು, ರೇಷ್ಮೆಯ ಮೇಲೆ ಇಡುವ ಹಾಗೆ. ಬೆರಳಿನಡಿಯಲ್ಲಿ ಏನೋ ಒಂದು ಸಣ್ಣಗೆ ಒಪ್ಪಿಕೊಂಡಿತು. ಹಸಿರು ದೀಪ! ಎಷ್ಟು ಪುಟ್ಟದು, ಸಾಸಿವೆಕಾಳಿನಷ್ಟು! ಅವಳು ಉಸಿರು ಬಿಡದೆ ಕಾದಳು. ಉಳಿದರ್ಧವನ್ನು ಇಳಿಯಲು ಬಿಟ್ಟಳು. ಟಿಕ್.

ಗಾಜಿನೊಳಗೆ ಕುಚ್ಚಿನ ಒಂದೊಂದು ಎಳೆಯೂ ಬೇರೆಬೇರೆಯಾಗಿ ಮಲಗಿತ್ತು.

ಅತ್ತೆ ಕೂಗಿದ ಕೂಗಿಗೆ ಮುಂದಿನ ಕೋಣೆಯಿಂದ ಯಜಮಾನಿ ಚೀಟಿ ಪುಸ್ತಕದ ಸಮೇತ ಓಡಿಬಂದಳು. "ಸುಟ್ಯಾ? ರೇಷ್ಮೆ ಸುಟ್ಯಾ? ಅಯ್ಯೋ ನನ್ನ ಮಾನ!"

"ಸುಡಲಿಲ್ಲ ಅಮ್ಮಾ, ಬಂತು! ಅರ್ಧ ಬಂತು!"

"ಅರ್ಧ ಸುಟ್ಯಾ!"

ಅವಳನ್ನು ಸಮಾಧಾನ ಮಾಡಲು ಅವಳದೊಂದು ಫೋಟೋ ತೆಗೆಯಬೇಕಾಯಿತು. ಅದರಲ್ಲಿ ಭೂಕಂಪ ನಿಂತಿತ್ತು.

ರೈಲು, ಸಮುದ್ರ, ಸಮುದ್ರದೆದುರಿನ ಚಿಕ್ಕ ವಸತಿಗೃಹ. ಕಿಟಕಿ ತೆಗೆದರೆ ಗಾಳಿ ಒಳಗೆ ಬಂದು ಹಾಸಿಗೆಯ ಮೇಲೆ ಕೂರುತ್ತಿತ್ತು. ಅಕ್ಕ ಹಾಸ್ಟೆಲಿನ ರೂಢಿಯಂತೆ ಮೊದಲ ದಿನವೇ ವಸತಿಗೃಹದ ಬಾತ್‌ರೂಮುಗಳ ತಪಾಸಣೆ ಮಾಡಿ ಮ್ಯಾನೇಜರನಿಗೆ ಬುದ್ಧಿ ಹೇಳಿದಳು. ಆಮೇಲೆ ಮರಳಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು, ಅಲೆ ಬಂದರೆ ಬೈದಳು, ಹೋದರೆ ಅಟ್ಟಿಸಿಕೊಂಡು ಹೋದಳು. ರಾತ್ರಿಯೂಟಕ್ಕೆ ಕೂತಾಗ ಆ ಮ್ಯಾನೇಜರು ತಮ್ಮನ್ನು ಕಂಡರೆ ಕಂಬದ ಹಿಂದೆ ಅವಿತುಕೊಳ್ಳುವ ಬಗೆಯನ್ನು ತಂಗಿ ಬಣ್ಣಿಸಿದಾಗ, ಅಕ್ಕನ ಕೈ ದಾರಿಯಲ್ಲೇ ಮರೆತುಹೋಯಿತು, ವಾರೆ ಹಲ್ಲು ಇಣುಕಿತು, ಉಳಿದವು ತಳ್ಳಾಡಿಕೊಂಡು ಬಂದವು. ತಂಗಿ ಚೀಲಕ್ಕೆ ಕೈ ಹಾಕಿದಳು. ಕ್ಯಾಮೆರಾದ ಮೂತಿ ಹೊರಬಂದದ್ದೇ ತಡ, ಅಕ್ಕ ವಾರ್ಡನ್ ಆದಳು.

"ತೆಗಿ. ತೆಗಿಯೇ. ಕುತ್ತಿಗೆ ನೋಯುತ್ತೆ."

"ಸ್ವಲ್ಪ ಸಡಿಲ ಬಿಡು ಅಕ್ಕ ಮುಖಾನ."

"ಸಡಿಲವಾಗೇ ಇದೆ. ನನ್ನ ಮುಖ ಇರೋದೇ ಹೀಗೆ."

ದೀಪಸ್ತಂಭದ ಮುಂದೆ ಅಕ್ಕ, ದೀಪಸ್ತಂಭಕ್ಕಿಂತ ನೆಟ್ಟಗೆ. ದೋಣಿಯ ಪಕ್ಕ ಅಕ್ಕ, ದೋಣಿಯನ್ನು ದಸ್ತಗಿರಿ ಮಾಡಿದವಳಂತೆ. ಐಸ್‌ಕ್ರೀಂ ಹಿಡಿದ ಅಕ್ಕ, ಅದನ್ನು ಯಾರಿಂದಲೋ ಜಪ್ತಿ ಮಾಡಿದವಳಂತೆ. ಫೋಟೋಗಳು ಈಗ ಗಾಜಿನಷ್ಟು ಸ್ವಚ್ಛವಾಗಿ ಬರುತ್ತಿದ್ದವು, ಅದೇ ಕಷ್ಟ. ಅಕ್ಕನ ಒಂದೊಂದು ಹುಬ್ಬುಗಂಟೂ ಸ್ಪಷ್ಟ. ಅತ್ತೆ ಹಸಿರು ದೀಪ ಹಚ್ಚಿಟ್ಟುಕೊಂಡು ಹಳೆಯ ಜೋಕುಗಳನ್ನೆಲ್ಲ ಹೇಳಿದಳು. ಅಳಿಯ ಮ್ಯಾನೇಜರಿಗೆ ಸಿಕ್ಕಿಬಿದ್ದ ಕಥೆ, ಅರ್ಧ ಸುಟ್ಟ ಕಥೆ, ಅಂಗಡಿಯವನ ಬೆನ್ನಿನ ಕಥೆ. ಅಕ್ಕ ತುಟಿ ಬಿಗಿಹಿಡಿದು ಮೂಗಿನಲ್ಲಿ ನಕ್ಕಳು. ಕ್ಯಾಮೆರಾ ಒಳಗೆ ಹೋದ ಮೇಲೆ ಬಾಯಲ್ಲಿ ನಕ್ಕಳು.

ಬೇಕೆಂದೇ ಮಾಡುತ್ತಿರಲಿಲ್ಲ ಪಾಪ. ಬಾಯಿಗೆ ಅಡ್ಡ ಬರುವ ಆ ಕೈಯ ಹಾಗೆ ಇದೂ ಅಷ್ಟು ವರ್ಷದ ಅಭ್ಯಾಸ.

ಕೊನೆಯ ಸಂಜೆ ಇಬ್ಬರೂ ಕಡಲ ತಡೆಗೋಡೆಯ ಮೇಲೆ ಕೂತಿದ್ದರು. ಚೀಲಗಳನ್ನು ಕಟ್ಟಿಯಾಗಿತ್ತು, ಇನ್ನು ಸ್ಟೇಷನ್ನಿಗೆ ಹೋಗುವುದೊಂದೇ. ನಡುವೆ ಒಂದು ಪೊಟ್ಟಣ ಬಿಸ್ಕತ್ತು, ಅದರ ಮೇಲೆ ಕಣ್ಣಿಟ್ಟ ಒಂದು ಬಿಳಿ ಹಕ್ಕಿ. ಅತ್ತೆ ಬಹಳ ಹೊತ್ತಿನಿಂದ ಕ್ಯಾಮೆರಾ ಹಿಡಿದು, ಬೆರಳನ್ನು ರೇಷ್ಮೆಯ ಮೇಲಿಟ್ಟಂತೆ ಗುಂಡಿಯ ಮೇಲಿಟ್ಟು ಕಾದಿದ್ದಳು. ಬೆರಳು ಮರಗಟ್ಟಿತು. ಅಕ್ಕ ಸಮುದ್ರವನ್ನು ಹಾಜರಿ ಕರೆಯುವ ಹಾಗೆ ನೋಡುತ್ತಿದ್ದಳು. ದೀಪ ಆರಿತು. ಅತ್ತೆ ಕ್ಯಾಮೆರಾವನ್ನು ತೊಡೆಯ ಮೇಲೆ ಇಳಿಸಿದಳು.

"ಸುಸ್ತಾಯ್ತಾ?" ಅಂದಳು ಅಕ್ಕ.

"ಹೋಗ್ಲಿ ಬಿಡು," ಅಂದಳು ತಂಗಿ. "ಒಂದು ನೆಟ್ಟಗೆ ತೆಗೀತೀನಿ, ಸಮುದ್ರದ ಜೊತೆ. ಆಮೇಲೆ ಹೊರಡೋಣ. ನೀನು ಹೇಗೆ ಬೇಕೋ ಹಾಗೇ ಕೂತ್ಕೋ."

ಅವಳು ಇನ್ನು ಏನನ್ನೂ ಕಾಯುತ್ತಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸಕ್ಕೆ ಹೊರಟಿತು. ಅಂಗಡಿಯವನು ಕೂಗಿದಂದಿನಿಂದ ಹದ್ದುಬಸ್ತಿನಲ್ಲಿ ಇಟ್ಟಿದ್ದ ಬೆರಳು ಎದ್ದು, ನಾಲಿಗೆಗೆ ಹೋಗಿ, ಕ್ಯಾಮೆರಾದ ಮೂತಿಯ ಅಂಚಿಗೆ ಚಕ್ಕನೆ ತಾಗಿ ಬಂತು.

ಅಕ್ಕ ಅದನ್ನು ನೋಡಿದಳು. ಕ್ಯಾಮೆರಾವನ್ನು ನೋಡಿದಳು. ತಂಗಿಯ ಬೆರಳನ್ನು ನೋಡಿದಳು.

"ಕಾದಿದೆಯೇನೇ?" ಅಂದಳು.

ಅಂದದ್ದು ಪೂರ್ತಿ ವಾರ್ಡನ್ ಧ್ವನಿಯಲ್ಲೇ. ಆದರೆ ಆ ಮಾತು ಹೊರಬಿದ್ದ ಮೇಲೆ ಅವಳಿಗೇ ಕೇಳಿಸಿತು. ಮೊದಲು ಭುಜ ಅಲುಗಿತು. ಆಮೇಲೆ ವಾರೆ ಹಲ್ಲು ಬಾಗಿಲು ತೆರೆದುಕೊಂಡು ಬಂತು.

ತಂಗಿಗೂ ನಗು ಒತ್ತರಿಸಿಕೊಂಡು ಬರುತ್ತಿತ್ತು. ನಕ್ಕರೆ ಭುಜ ಅಲ್ಲಾಡುತ್ತದೆ, ಭುಜ ಅಲ್ಲಾಡಿದರೆ ಮುಗಿಯಿತು. ರೇಷ್ಮೆ, ಅಂದುಕೊಂಡಳು ಅವಳು. ರೇಷ್ಮೆ, ರೇಷ್ಮೆ. ಉಸಿರು ಹಿಡಿದು ಬೆರಳನ್ನು ಇಟ್ಟಳು. ಸಾಸಿವೆಕಾಳು ಹಸಿರಾಯಿತು. ಅಕ್ಕನ ಕೈ ತೊಡೆಯಿಂದ ಎದ್ದು ಬಾಯಿಯ ಕಡೆ ಹೊರಟಿತ್ತು. ಇಳಿಯಲು ಬಿಟ್ಟಳು.

ಟಿಕ್.

ಆಮೇಲೆ ಇಬ್ಬರೂ ಎಷ್ಟು ನಕ್ಕರೆಂದರೆ ಬಿಳಿ ಹಕ್ಕಿ ಬಿಸ್ಕತ್ತಿನ ಪೊಟ್ಟಣವನ್ನೇ ಎತ್ತಿಕೊಂಡು ಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

"ತೋರಿಸು," ಅಂದಳು ಅಕ್ಕ, ಕಣ್ಣೊರೆಸಿಕೊಂಡು.

"ಬೇಡ."

"ತೋರಿಸೇ ಕಳ್ಳಿ!"

ಗಾಜಿನೊಳಗೆ ಸಮುದ್ರ ಸ್ವಲ್ಪ ವಾಲಿತ್ತು. ಕೈ ಇನ್ನೂ ಗಲ್ಲದ ಕೆಳಗೇ ಇತ್ತು, ತಡವಾಗಿ ಬಂದ ಬಸ್ಸಿನ ಹಾಗೆ. ಅದರ ಮೇಲೆ ಅಕ್ಕ ಇಡೀ ಮುಖದಲ್ಲಿ ನಗುತ್ತಿದ್ದಳು, ವಾರೆ ಹಲ್ಲಿನ ಮೇಲೆ ಸಂಜೆಯ ಬೆಳಕು.

ಅಕ್ಕ ಬಹಳ ಹೊತ್ತು ನೋಡಿದಳು. "ಛೀ, ಅಳಿಸು ಇದನ್ನ."

"ಅಳಿಸೋದು ನನಗೆ ಬರಲ್ಲ."

"ಬರಲ್ಲ ಅಂದ್ರೆ?"

"ಹೇಳಿಕೊಡೋಕೆ ಬಂದರು. ನಾನೇ ಬೇಡ ಅಂದೆ."

ಅಕ್ಕ ತಲೆಯೆತ್ತಿ ತಂಗಿಯನ್ನು ನೋಡಿದಳು. ಈ ಕ್ಯಾಮೆರಾ, ಈ ಜೋಕುಗಳು, ಎಲ್ಲಕ್ಕೂ ಅರ್ಥ ನಿಧಾನವಾಗಿ ಕೂಡಿಕೊಂಡು ಬರುತ್ತಿದ್ದುದು ಅವಳ ಮುಖದಲ್ಲಿ ಕಂಡಿತು. "ಇದಕ್ಕೇನೇ ಇಷ್ಟೆಲ್ಲ? ಈ ಸೊಟ್ಟ ಹಲ್ಲಿಗೆ?"

"ನಿನಗೆ ಅದು ಕಂಡಿದ್ದು ಕನ್ನಡಿಯಲ್ಲಿ. ನನಗೆ ಕಂಡಿದ್ದು ನೀನು ನಗುವಾಗ."

ಅಕ್ಕ ಕೋಟಿನ ತೋಳಿನಿಂದ ಗಾಜನ್ನು ಒರೆಸಿ ಮತ್ತೆ ನೋಡಿದಳು. ಕೊನೆಗೆ ಗಂಟಲು ಸರಿಮಾಡಿಕೊಂಡು, ಮೂರು ಮಹಡಿಗೆ ಕೇಳಿಸುವ ಧ್ವನಿಯಲ್ಲಿ ಹೇಳಿದಳು: "ಇದನ್ನ ಆ ಡಾಕ್ಟರಿಗೆ ತೋರಿಸ್ತೀನಿ. ಹೊಸ ಹಲ್ಲನ್ನ ಹೀಗೇ ಸ್ವಲ್ಪ ವಾರೆಗೆ ಕೂರಿಸಯ್ಯ, ಪೂರ್ತಿ ನೆಟ್ಟಗೆ ಮಾಡಿದರೆ ನನ್ನ ತಂಗಿ ಗುರುತು ಹಿಡಿಯಲ್ಲ ಅಂತ."

"ಮಾಡ್ತಾನಾ?"

"ಮಾಡದೆ ಏನು ಮಾಡ್ತಾನೆ? ನಾನು ಕೇಳ್ತೀನಲ್ಲ." ಅಕ್ಕ ಕ್ಯಾಮೆರಾವನ್ನು ಕಿತ್ತುಕೊಂಡಳು. "ಈಗ ನೀನು ಕೂತ್ಕೋ. ನೆಟ್ಟಗೆ. ಗುಂಡಿ ಇದೇನಾ?"

"ಇದೇ. ಮೆತ್ತಗೆ ಅಕ್ಕ, ರೇಷ್ಮೆ ಹಾಗೆ..."

ಅಕ್ಕ ತೋರುಬೆರಳನ್ನು ಗಂಭೀರವಾಗಿ ನಾಲಿಗೆಗೆ ತಾಗಿಸಿ, ಕ್ಯಾಮೆರಾದ ನೆತ್ತಿಗೆ ಮುಟ್ಟಿಸಿ, "ಚುಂಯ್" ಎಂದು ಬಾಯಲ್ಲೇ ಸದ್ದು ಮಾಡಿ, ಹಾಸ್ಟೆಲಿನ ಗಂಟೆ ಒತ್ತುವ ಹಾಗೆ ಗುಂಡಿ ಒತ್ತಿದಳು.

ಆ ಪ್ರವಾಸದಲ್ಲಿ ಇಸ್ತ್ರಿ ಅತ್ತೆಯದು ಇರುವುದು ಅದೊಂದೇ ಫೋಟೋ. ಅಳಿಯ ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾನೆ, ಅಕ್ಕನ ಫೋಟೋದ ಪಕ್ಕ. ಬಂದವರೆಲ್ಲ ಇದು ಯಾರು ಎಂದು ಕೇಳುತ್ತಾರೆ. ಅದರಲ್ಲಿ ಮೂರು ಮೂಗಿನ ಒಬ್ಬ ಹೆಂಗಸು, ಸಮುದ್ರದ ಸಮೇತ ಅಲುಗಾಡುತ್ತ, ಉಸಿರು ಸಿಗದಷ್ಟು ನಗುತ್ತಿದ್ದಾಳೆ.